ಅರಿವನ್ನು ಮರಳಿ ಕೊಡುವ ಕಾಯಕ

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆ ಆಗಬೇಕೆಂದಾಗ ಬಂಧುಬಳಗದವರು ಕೇಳುವ ಮೊದಲ ಪ್ರಶ್ನೆ, “ಆಪರೇಷನ್ ಮಾಡುವ ಡಾಕ್ಟರು ಯಾರು?” ಎಂಬುದು. ಆ ವೈದ್ಯರ ಹೆಸರು, ಊರು, ಕೈಗುಣ ಎಲ್ಲವೂ ಪಡಸಾಲೆಯಲ್ಲಿ ಚರ್ಚೆಗೆ ಬರುತ್ತವೆ. ಚಿಕಿತ್ಸೆ ಸುಸೂತ್ರವಾಗಿ ಮುಗಿದರೆ ಕೃತಜ್ಞತೆಯೆಲ್ಲ ಅವರಿಗೇ ಸಲ್ಲುತ್ತದೆ. ಆದರೆ ಅದೇ ಹೊತ್ತಿನಲ್ಲಿ ರೋಗಿಯ ತಲೆಯ ಬಳಿ ನಿಂತು, ಆತನ ಉಸಿರಿನ ಹೊಣೆಯನ್ನು ಪೂರ್ತಿಯಾಗಿ ಹೊತ್ತಿದ್ದ ಇನ್ನೊಬ್ಬ ವೈದ್ಯರಿರುತ್ತಾರೆ. ಅವರ ಹೆಸರನ್ನು ಕೇಳಿದವರು ವಿರಳ. ಅವರೇ ಅರಿವಳಿಕೆ ತಜ್ಞರು.

‘ಅರಿವಳಿಕೆ’ ಎಂಬುದು ಅರ್ಥಪೂರ್ಣವಾದ ಪದ. ಅರಿವಿಗೆ ಗುರುವಿನ ಸ್ಥಾನವನ್ನು ಕೊಟ್ಟ ಪರಂಪರೆ ನಮ್ಮದು. ಅಂಥ ಅರಿವನ್ನು ಕೆಲವು ಗಳಿಗೆಗಳ ಕಾಲ ಮರೆಮಾಡಿ, ಮತ್ತೆ ಯಾವ ಊನವೂ ಇಲ್ಲದಂತೆ ಮರಳಿ ಒಪ್ಪಿಸುವುದು ಈ ವೈದ್ಯರ ಕಾಯಕ. ಔಷಧಿ ಕೊಟ್ಟು ಮಲಗಿಸುವುದಷ್ಟೇ ಅವರ ಕೆಲಸವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ರೋಗಿಯ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಸ್ಥಿತಿಯನ್ನು ಮುಂಚಿತವಾಗಿ ಅಳೆಯುವುದು, ಶ್ವಾಸನಾಳಕ್ಕೆ ಕೊಳವೆಯನ್ನು ಇಳಿಸುವುದು, ಕ್ಷಣಕ್ಷಣಕ್ಕೂ ರಕ್ತದೊತ್ತಡವನ್ನು ಕಾಯುವುದು, ಎಚ್ಚರಗೊಳಿಸುವುದು, ಆಮೇಲಿನ ನೋವನ್ನು ಶಮನಗೊಳಿಸುವುದು, ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರನ್ನು ನೋಡಿಕೊಳ್ಳುವುದು, ಇವೆಲ್ಲವೂ ಅವರಿಗೆ ಸೇರಿದ ಕೆಲಸಗಳು.

ಇಂಥ ಹೊಣೆಯನ್ನು ಹೊರಲು ಒಬ್ಬ ವೈದ್ಯನು ಅಥವಾ ವೈದ್ಯೆಯು ಯಾವಾಗ ಅರ್ಹರಾಗುತ್ತಾರೆ? ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಓದಿ ಎಂ.ಡಿ. ಪದವಿ ಪಡೆದಾಗ ಎಂಬುದು ರೂಢಿಯ ಉತ್ತರ. ಆ ಉತ್ತರ ಸಾಲದೆಂಬ ಮಾತು ಕಳೆದ ಕೆಲವು ದಶಕಗಳಿಂದ ಲೋಕದಾದ್ಯಂತ ಕೇಳಿಬರುತ್ತಿದೆ. ಎಷ್ಟು ವರ್ಷ ಕಲಿತರು ಎಂಬುದಕ್ಕಿಂತ ಏನನ್ನು ಮಾಡಬಲ್ಲರು ಎಂಬುದನ್ನು ನೋಡಬೇಕೆನ್ನುವ ಈ ಹೊಸ ಕ್ರಮಕ್ಕೆ ಸಾಮರ್ಥ್ಯಾಧಾರಿತ ತರಬೇತಿ ಎಂದು ಹೆಸರು. ಇದು ವೈದ್ಯಕೀಯ ಕಾಲೇಜಿನ ಗೋಡೆಗಳೊಳಗಿನ ವಿಚಾರವೆಂದು ನಾವು ಸುಮ್ಮನಿರುವಂತಿಲ್ಲ. ಇಂದಲ್ಲ ನಾಳೆ ಆ ಮೇಜಿನ ಮೇಲೆ ಮಲಗುವವರು ನಾವೇ, ನಮ್ಮ ಮಕ್ಕಳೇ.

ಹಿಂದಿನ ಕಥೆ

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಆವಿಯನ್ನು ಉಸಿರಾಡಿಸಿ ರೋಗಿಯೊಬ್ಬನನ್ನು ಮಲಗಿಸಿದನು. ಜಾನ್ ವಾರನ್ ಎಂಬ ಶಸ್ತ್ರವೈದ್ಯನು ಆತನ ಕತ್ತಿನ ಗಡ್ಡೆಯನ್ನು ತೆಗೆದನು. ಆ ದಿನವನ್ನು ಇಂದಿಗೂ ವಿಶ್ವ ಅರಿವಳಿಕೆ ದಿನವೆಂದು ಆಚರಿಸಲಾಗುತ್ತಿದೆ. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂದಿತು. ಅದೇ 1847ರಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ನೋವಿಲ್ಲದ ಶಸ್ತ್ರಚಿಕಿತ್ಸೆ ಮನುಕುಲಕ್ಕೆ ದೊರೆತ ದೊಡ್ಡ ವರವೆಂದು ಜನ ಹಿಗ್ಗಿದರು.

ಆ ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹದಿನೈದು ವರ್ಷದ ಬಾಲಕಿಯೊಬ್ಬಳು ಕಾಲ್ಬೆರಳಿನ ಉಗುರನ್ನು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರ್ಮಿನಿಂದ ಕೆಲವೇ ನಿಮಿಷಗಳಲ್ಲಿ ಅಸುನೀಗಿದಳು. ರೋಗ ಸಣ್ಣದು, ಚಿಕಿತ್ಸೆ ಸಣ್ಣದು. ಸಾವು ಬಂದದ್ದು ಅರಿವಳಿಕೆಯಿಂದ. ಆಗ ಅರಿವಳಿಕೆ ಕೊಡುವುದು ಪ್ರತ್ಯೇಕ ವಿದ್ಯೆ ಎಂಬ ಕಲ್ಪನೆಯೇ ಇನ್ನೂ ಬಲಿತಿರಲಿಲ್ಲ. ಕೈಗೆ ಸಿಕ್ಕ ಕಿರಿಯ ಸಹಾಯಕನಿಗೆ ಆ ಕೆಲಸವನ್ನು ಒಪ್ಪಿಸುವ ರೂಢಿ ಬಹುಕಾಲ ನಡೆಯಿತು.

ಈ ಸಾವುಗಳ ಕಾರಣವನ್ನು ಹುಡುಕುವ ಪ್ರಯತ್ನಗಳಲ್ಲಿ ಪ್ರಸಿದ್ಧವಾದುದೊಂದು ನಮ್ಮ ನೆರೆಯಲ್ಲೇ ನಡೆಯಿತೆಂಬುದು ಅನೇಕರಿಗೆ ತಿಳಿಯದು. ಇಂದಿನ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳೂ ಸೇರಿದ್ದ ನಿಜಾಮ ಸಂಸ್ಥಾನದ ರಾಜಧಾನಿ ಹೈದರಾಬಾದಿನಲ್ಲಿ, ಎಡ್ವರ್ಡ್ ಲಾರಿ ಎಂಬ ವೈದ್ಯನ ನೇತೃತ್ವದಲ್ಲಿ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೆಲಸ ಮಾಡಿದವು. ಅಲ್ಲಿಯ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ವಿಶ್ವದ ಮೊದಲ ಮಹಿಳಾ ಅರಿವಳಿಕೆ ತಜ್ಞೆಯೆಂದು ವೈದ್ಯಕೀಯ ಇತಿಹಾಸಕಾರರು ಗುರುತಿಸುತ್ತಾರೆ. ನಾಡಿಯನ್ನೇ ನಂಬಿ ಕೂರಬೇಡಿ, ಉಸಿರನ್ನು ನೋಡುತ್ತಿರಿ ಎಂಬುದು ಆ ಆಯೋಗಗಳ ಸಾರ. ಕ್ಲೋರೋಫಾರ್ಮ್ ಹೃದಯವನ್ನೂ ಏಕಾಏಕಿ ನಿಲ್ಲಿಸಬಲ್ಲದೆಂದು ಆಮೇಲೆ 1911ರಲ್ಲಿ ಗುಡ್‌ಮನ್ ಲೆವಿ ಎಂಬ ವೈದ್ಯನು ತೋರಿಸಿಕೊಟ್ಟನು. ಹೀಗೆ ಉಸಿರು, ನಾಡಿ ಎರಡನ್ನೂ ಬಿಡದೆ ಕಾಯುವ ಶಿಸ್ತು ಬೆಳೆಯಿತು. ಕೋವಿಡ್ ದಿನಗಳಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನ ತತ್ವವನ್ನು ಜಪಾನಿನ ತಕುವೊ ಅಯೋಯಾಗಿ ಹೊರಗೆಡಹಿದ್ದು 1974ರಲ್ಲಿ. ಸಲಕರಣೆಗಳು ಹೆಚ್ಚಿದಂತೆ ಅರಿವಳಿಕೆ ಎಷ್ಟೋ ಪಾಲು ಸುರಕ್ಷಿತವಾಯಿತು. ಆದರೆ ಸಲಕರಣೆ ಎಚ್ಚರಿಸಬಲ್ಲದೇ ಹೊರತು ಮುಂದೇನು ಮಾಡಬೇಕೆಂದು ನಿರ್ಧರಿಸಲಾರದು. ಆ ನಿರ್ಧಾರ ಕಲಿತವರ ಕೈಯಲ್ಲೇ ಇದೆ.

ವರ್ಷದ ಲೆಕ್ಕವೋ, ಕೈಯ ಪಳಗೋ?

ಜೋಳದ ರೊಟ್ಟಿಯ ಉದಾಹರಣೆಯಿಂದ ಈ ವಿಷಯವನ್ನು ಸುಲಭವಾಗಿ ತಿಳಿಯಬಹುದು. ಮಗಳು ಮೂರು ವರ್ಷ ಅಡುಗೆಮನೆಯಲ್ಲಿ ಓಡಾಡಿದಳೆಂಬ ಮಾತ್ರಕ್ಕೆ ಅವಳಿಗೆ ರೊಟ್ಟಿ ಬಡಿಯಲು ಬರುತ್ತದೆಂದು ಯಾವ ತಾಯಿಯೂ ಹೇಳುವುದಿಲ್ಲ. ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತಾಳೆ. ಆಮೇಲೆ ಹಿಟ್ಟು ನಾದಲು ಬಿಡುತ್ತಾಳೆ. ಒಂದೆರಡು ರೊಟ್ಟಿ ಬಡಿಸಿ, ಅಂಚು ಹರಿದರೆ ತಿದ್ದುತ್ತಾಳೆ. ಬಳಿಕ ತಾನು ಹೊರಗೆ ಹೋಗಿ ಕರೆದರೆ ಬರುವಷ್ಟು ದೂರದಲ್ಲಿರುತ್ತಾಳೆ. ಕೊನೆಗೊಂದು ದಿನ ನೆಂಟರು ಬಂದಾಗ ಒಲೆಯನ್ನು ಮಗಳಿಗೇ ಬಿಟ್ಟುಕೊಡುತ್ತಾಳೆ. ಒಬ್ಬಳು ಆರು ತಿಂಗಳಲ್ಲಿ ಕಲಿತಾಳು, ಇನ್ನೊಬ್ಬಳಿಗೆ ವರ್ಷವೇ ಬೇಕಾದೀತು. ತಾಯಿ ಲೆಕ್ಕ ಹಾಕುವುದು ದಿನಗಳನ್ನಲ್ಲ, ರೊಟ್ಟಿಯನ್ನು.

ಸಾಮರ್ಥ್ಯಾಧಾರಿತ ತರಬೇತಿಯ ತಿರುಳೂ ಇದೇ. ನೆದರ್ಲೆಂಡ್ಸ್ ದೇಶದ ಶಿಕ್ಷಣ ತಜ್ಞ ಒಲ್ಲೆ ಟೆನ್ ಕೇಟ್ 2005ರಲ್ಲಿ ಮುಂದಿಟ್ಟ ವಿಚಾರವೊಂದು ಇದಕ್ಕೆ ಸ್ಪಷ್ಟ ರೂಪ ಕೊಟ್ಟಿತು. ವೈದ್ಯನ ಕೆಲಸವನ್ನು ಬಿಡಿಬಿಡಿಯಾದ, ಹೆಸರಿಸಬಹುದಾದ ಹೊಣೆಗಳನ್ನಾಗಿ ವಿಂಗಡಿಸಬೇಕು. ಪ್ರತಿಯೊಂದು ಹೊಣೆಯಲ್ಲೂ ಕಲಿಯುವವನನ್ನು ಎಷ್ಟು ನಂಬಬಹುದೆಂದು ಗುರುವು ನಿರ್ಧರಿಸಬೇಕು. ಈ ನಂಬಿಕೆಗೆ ಐದು ಮೆಟ್ಟಿಲುಗಳು: ಬರಿದೆ ನೋಡುವುದು, ಗುರು ಪಕ್ಕದಲ್ಲಿರುವಾಗ ಮಾಡುವುದು, ಗುರು ಕರೆದರೆ ಬರುವಷ್ಟು ಹತ್ತಿರದಲ್ಲಿರುವಾಗ ಮಾಡುವುದು, ಸ್ವತಂತ್ರವಾಗಿ ಮಾಡುವುದು, ಕೊನೆಗೆ ಇನ್ನೊಬ್ಬರಿಗೆ ಕಲಿಸುವುದು. ಆರೋಗ್ಯವಂತ ತರುಣನ ಹರ್ನಿಯಾ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದರಲ್ಲಿ ನಾಲ್ಕನೆಯ ಮೆಟ್ಟಿಲೇರಿದ ವಿದ್ಯಾರ್ಥಿನಿ, ಹಸುಗೂಸಿನ ಶಸ್ತ್ರಚಿಕಿತ್ಸೆಯಲ್ಲಿ ಇನ್ನೂ ಎರಡನೆಯ ಮೆಟ್ಟಿಲಲ್ಲೇ ಇರಬಹುದು. ಅದರಲ್ಲಿ ನಾಚಿಕೆಯೇನೂ ಇಲ್ಲ. ತಾನು ಯಾವ ಮೆಟ್ಟಿಲಲ್ಲಿದ್ದೇನೆಂಬುದನ್ನು ಅರಿಯದಿರುವುದೇ ಅಪಾಯ.

ಇದಕ್ಕೆ ಆಧಾರವೂ ಇದೆ. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೊಸದಾಗಿ ಸೇರಿದ 11 ಜನ ವೈದ್ಯರ ಕಲಿಕೆಯನ್ನು ಒಂದೊಂದಾಗಿ ಗುರುತಿಸಿದರು. ಶ್ವಾಸನಾಳಕ್ಕೆ ಕೊಳವೆ ಇಳಿಸುವುದರಲ್ಲಿ ನೂರಕ್ಕೆ ತೊಂಬತ್ತರಷ್ಟು ಯಶಸ್ಸು ದೊರೆಯಬೇಕಾದರೆ ಸರಾಸರಿ 57 ಪ್ರಯತ್ನಗಳು ಬೇಕಾದವು. ಆದರೆ ಎಲ್ಲರ ಕೈಯೂ ಒಂದೇ ವೇಗದಲ್ಲಿ ಪಳಗುವುದಿಲ್ಲ. ಹೀಗಿರುವಾಗ ಎಲ್ಲರಿಗೂ ಒಂದೇ ದಿನಾಂಕವನ್ನು ಗೊತ್ತುಮಾಡಿ, ಆ ದಿನ ಎಲ್ಲರೂ ಸಮರ್ಥರಾದರೆಂದು ಸಾರುವುದು ಎಷ್ಟು ಸರಿ? ಕೊನೆಯ ವರ್ಷದ ಪರೀಕ್ಷೆ ಜ್ಞಾನವನ್ನು ಅಳೆಯುತ್ತದೆ, ನಿಜ. ಆದರೆ ನಡುರಾತ್ರಿ ರಕ್ತಸ್ರಾವದಿಂದ ಬಿಳಿಚಿಕೊಂಡು ಬಂದ ಗರ್ಭಿಣಿಯ ಮುಂದೆ ಆ ಕೈ ನಡುಗುವುದೋ ಇಲ್ಲವೋ ಎಂಬುದನ್ನು ಉತ್ತರಪತ್ರಿಕೆ ತಿಳಿಸಲಾರದು.

ಬೇರೆಡೆ ಮತ್ತು ನಮ್ಮಲ್ಲಿ

ಬ್ರಿಟನ್ನಿನಲ್ಲಿ ಅರಿವಳಿಕೆ ವಿಭಾಗಕ್ಕೆ ಹೊಸದಾಗಿ ಸೇರಿದ ವೈದ್ಯರು ಮೊದಲ ಕೆಲವು ತಿಂಗಳು ಹಿರಿಯರ ನೇರ ಕಣ್ಗಾವಲಿನಲ್ಲೇ ಕೆಲಸ ಮಾಡಬೇಕು. ಪ್ರಾಥಮಿಕ ಸಾಮರ್ಥ್ಯದ ಮೌಲ್ಯಮಾಪನದಲ್ಲಿ ತೇರ್ಗಡೆಯಾದ ಮೇಲೆಯೇ ಅವರಿಗೆ ಅಲ್ಪಸ್ವಲ್ಪ ಸ್ವಾತಂತ್ರ್ಯ ದೊರೆಯುತ್ತದೆ. ಕೆನಡಾ ದೇಶವು 2017ರಲ್ಲಿ ತಜ್ಞ ವೈದ್ಯರ ತರಬೇತಿಯನ್ನು ಸಾಮರ್ಥ್ಯದ ತಳಹದಿಯ ಮೇಲೆ ಮರುರೂಪಿಸಲು ತೊಡಗಿದಾಗ ಮೊದಲು ಆರಿಸಿಕೊಂಡ ವಿಭಾಗಗಳಲ್ಲಿ ಅರಿವಳಿಕೆಯೂ ಒಂದು. ಅಲ್ಲಿ ಕಲಿಕೆಯನ್ನು ಪ್ರವೇಶ, ತಳಪಾಯ, ತಿರುಳು, ಸ್ವತಂತ್ರ ವೃತ್ತಿಗೆ ಸಿದ್ಧತೆ ಎಂದು ನಾಲ್ಕು ಹಂತಗಳಾಗಿ ವಿಭಜಿಸಿದ್ದಾರೆ. ಒಂದು ಹಂತದ ಹೊಣೆಗಳಲ್ಲಿ ನಂಬಿಕೆ ಗಳಿಸಿದ ಮೇಲೆ ಮುಂದಿನ ಹಂತ.

ನಮ್ಮ ದೇಶದಲ್ಲೂ ಗಾಳಿ ಅದೇ ದಿಕ್ಕಿಗೆ ಬೀಸುತ್ತಿದೆ. 2019ರಲ್ಲಿ ಎಂ.ಬಿ.ಬಿ.ಎಸ್. ಶಿಕ್ಷಣಕ್ಕೆ ಸಾಮರ್ಥ್ಯಾಧಾರಿತ ಪಠ್ಯಕ್ರಮ ಬಂದಿತು. 2020ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬಂದಿತು. ಅರಿವಳಿಕೆಯ ಎಂ.ಡಿ. ಶಿಕ್ಷಣಕ್ಕೂ ಮಾರ್ಗಸೂಚಿಯಾಗಿ ಸಾಮರ್ಥ್ಯಾಧಾರಿತ ಪಠ್ಯಕ್ರಮವಿದೆ. ವಿದ್ಯಾರ್ಥಿಗಳು ತಾವು ಮಾಡಿದ ಕೆಲಸವನ್ನು ಲಾಗ್‌ಬುಕ್‌ನಲ್ಲಿ ದಾಖಲಿಸಿ ಗುರುಗಳಿಂದ ಸಹಿ ಪಡೆಯಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆಗಳ ವ್ಯವಸ್ಥೆಯಲ್ಲಿ ಸೇವೆ ಸಲ್ಲಿಸಬೇಕೆಂಬ ನಿಯಮವೂ 2020ರಲ್ಲಿ ಬಂದಿದೆ. ದೊಡ್ಡ ಕಾಲೇಜಿನ ಸಕಲ ಸೌಕರ್ಯಗಳ ನಡುವೆ ಕಲಿತ ಕೈಗೆ, ಮಿತವಾದ ಸಲಕರಣೆಗಳ ನಡುವೆ ಕೆಲಸ ಮಾಡುವ ಅನುಭವವೂ ಆಗಲೆಂಬ ಈ ನಿಯಮ ಹಳ್ಳಿಗಾಡಿನ ಜನರ ದೃಷ್ಟಿಯಿಂದ ಸ್ವಾಗತಾರ್ಹವಾದುದು.

ಇದಕ್ಕೂ ಮೊದಲೇ ಒಂದು ಮಹತ್ವದ ಪ್ರಯೋಗ ನಡೆದಿತ್ತು. ಪ್ರಸೂತಿಯ ಸಂಕಟದಲ್ಲಿ ಸಿಸೇರಿಯನ್ ಮಾಡಲು ವೈದ್ಯರಿದ್ದರೂ ಅರಿವಳಿಕೆ ಕೊಡುವವರಿಲ್ಲದೆ ತಾಯಂದಿರನ್ನು ದೂರದೂರಿಗೆ ಸಾಗಿಸಬೇಕಾದ ದುಃಸ್ಥಿತಿ ಅನೇಕ ಕಡೆ ಇತ್ತು. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ವರ್ಷಗಳಲ್ಲಿ ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ‘ಜೀವರಕ್ಷಕ ಅರಿವಳಿಕೆ ಕೌಶಲ’ ತರಬೇತಿಯನ್ನು ಕೊಡಲಾಯಿತು. ತುರ್ತು ಹೆರಿಗೆಗೆ ಬೇಕಾದ ಅರಿವಳಿಕೆಯಷ್ಟೇ ಅವರ ಎಲ್ಲೆ. ಅವರು ಪೂರ್ಣ ತಜ್ಞರಲ್ಲ, ತಜ್ಞರಿಗೆ ಪರ್ಯಾಯವೂ ಅಲ್ಲ. ಆದರೂ ಯಾವ ಕೆಲಸವನ್ನು ಮಾಡಬಲ್ಲರು, ಯಾವುದನ್ನು ಮಾಡಬಾರದು ಎಂದು ಖಚಿತವಾಗಿ ಗೆರೆ ಎಳೆದು ಕಲಿಸಿದ ಈ ಕ್ರಮದಲ್ಲಿ ಸಾಮರ್ಥ್ಯಾಧಾರಿತ ತರಬೇತಿಯ ತತ್ವವೇ ಅಡಗಿದೆ.

ಸಾಮರ್ಥ್ಯವೆಂದರೆ ಕೈಚಳಕವಷ್ಟೇ ಅಲ್ಲ

2005ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ವಿಮಾನಚಾಲಕನೊಬ್ಬನ ಪತ್ನಿ ಮೂಗಿನ ಸಾಧಾರಣ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದಳು. ಎರಡು ಮಕ್ಕಳ ತಾಯಿ. ಅರಿವಳಿಕೆ ಕೊಟ್ಟ ಮೇಲೆ ಅವಳ ಶ್ವಾಸನಾಳಕ್ಕೆ ಕೊಳವೆ ಇಳಿಯಲಿಲ್ಲ. ಬೇರೆ ವಿಧಾನದಿಂದಲೂ ಸಾಕಷ್ಟು ಆಮ್ಲಜನಕ ಒಳಹೋಗಲಿಲ್ಲ. ಅಲ್ಲಿ ಇದ್ದವರು ಹೊಸಬರಲ್ಲ, ನುರಿತ ವೈದ್ಯರೇ. ದಾದಿಯೊಬ್ಬರು ಕತ್ತಿನಲ್ಲಿ ರಂಧ್ರ ಮಾಡಿ ಉಸಿರು ಒದಗಿಸುವ ಸಲಕರಣೆಯನ್ನು ತಂದು, ಅದು ಸಿದ್ಧವಿದೆಯೆಂದು ತಿಳಿಸಿದರು. ಆದರೆ ವೈದ್ಯರ ಚಿತ್ತವೆಲ್ಲ ಕೊಳವೆ ಇಳಿಸುವುದರಲ್ಲೇ ನೆಟ್ಟಿತ್ತು. ಕಾಲ ಮೀರಿತು. ಎಚ್ಚರಗೊಳ್ಳದೆಯೇ ಆ ತಾಯಿ 13 ದಿನಗಳ ಬಳಿಕ ಕೊನೆಯುಸಿರೆಳೆದಳು.

ಆಕೆಯ ಪತಿ ಕೇಳಿದ್ದು ಯಾರಿಗೂ ಶಿಕ್ಷೆಯನ್ನಲ್ಲ. ಇದರಿಂದ ವೈದ್ಯಲೋಕ ಏನನ್ನು ಕಲಿತಿತೆಂದು ಕೇಳಿದನು. ವಿಮಾನದಲ್ಲಿ ಕಿರಿಯ ಸಹಚಾಲಕನೂ ಅಪಾಯ ಕಂಡಾಗ ಗಟ್ಟಿಯಾಗಿ ಹೇಳಬೇಕು, ಹಿರಿಯನು ಕಿವಿಗೊಡಬೇಕು ಎಂಬ ಶಿಸ್ತನ್ನು ಕಲಿಸಿರುತ್ತಾರೆ. ಅದೇ ಶಿಸ್ತು ಶಸ್ತ್ರಚಿಕಿತ್ಸಾ ಕೋಣೆಗೂ ಬರಬೇಕೆಂಬ ಅವನ ಮಾತು ತರಬೇತಿಯ ಸ್ವರೂಪವನ್ನೇ ಪ್ರಭಾವಿಸಿತು. ಇಂದು ಸಾಮರ್ಥ್ಯದ ಪಟ್ಟಿಯಲ್ಲಿ ಸೂಜಿ, ಕೊಳವೆಗಳ ಜೊತೆಗೆ ಸಂವಹನ, ತಂಡದ ನಾಯಕತ್ವ, ಸಹಾಯ ಕೇಳುವ ವಿನಯ ಇವೂ ಸೇರಿವೆ. ಇಂಥ ವಿರಳ ಗಂಡಾಂತರಗಳನ್ನು ಜೀವಂತ ರೋಗಿಯ ಮೇಲೆ ಕಲಿಯಲಾಗದಾದ್ದರಿಂದ, ಉಸಿರಾಡುವ, ನಾಡಿ ಮಿಡಿಯುವ ಯಾಂತ್ರಿಕ ಮಾನವಾಕೃತಿಗಳ ಮೇಲೆ ಅಭ್ಯಾಸ ಮಾಡಿಸುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಸಿಮ್ ಒನ್’ ಎಂಬ ಅಂಥ ಮೊದಲ ಆಕೃತಿಯನ್ನು ನಿರ್ಮಿಸಿದ್ದೇ ಅರಿವಳಿಕೆಯನ್ನು ಕಲಿಸುವ ಸಲುವಾಗಿ.

ಎಲ್ಲ ಕಾಯಕದವರಿಗೂ ಒಂದೇ ನೆಲೆಯಲ್ಲಿ ಕುಳಿತು ಮಾತನಾಡುವ ಹಕ್ಕನ್ನು ಕೊಟ್ಟ ಅನುಭವ ಮಂಟಪದ ವಾರಸುದಾರರಿಗೆ ಈ ಪಾಠ ಹೊಸದಾಗಿ ಕಾಣಬಾರದು. ಆದರೂ ನಮ್ಮ ಎಷ್ಟೋ ಸಂಸ್ಥೆಗಳಲ್ಲಿ ದಾದಿಯು ದೊಡ್ಡ ವೈದ್ಯರಿಗೆ ಎದುರು ನುಡಿಯಲು ಅಂಜುತ್ತಾಳೆಂಬುದು ಕಹಿಸತ್ಯ.

ಸಹಿಯ ಹಿಂದಿನ ಸತ್ಯ

ಹೊಸ ಕ್ರಮಕ್ಕೆ ಅಪಾಯಗಳಿಲ್ಲವೆಂದಲ್ಲ. ಸಾಮರ್ಥ್ಯವನ್ನು ನೂರಾರು ತುಣುಕುಗಳಾಗಿ ಒಡೆದು, ಒಂದೊಂದರ ಮುಂದೆ ಗುರುತು ಹಾಕುತ್ತ ಹೋದರೆ ಇಡಿಯಾದ ವೈದ್ಯನೇ ಕಾಣದಂತಾಗಬಹುದು. ಇನ್ನೂ ದೊಡ್ಡ ತೊಡಕೆಂದರೆ ಗುರುಗಳ ಸಮಯ. ಪ್ರತಿ ವಿದ್ಯಾರ್ಥಿಯನ್ನೂ ಕಣ್ಣಾರೆ ಕಂಡು, ತಿದ್ದಿ, ಬರೆಯಲು ಪುರಸೊತ್ತು ಬೇಕು. ಅದು ಇಲ್ಲದ ಕಡೆ ತಿಂಗಳ ಕೊನೆಯಲ್ಲಿ ಲಾಗ್‌ಬುಕ್ಕುಗಳ ರಾಶಿಗೆ ಒಟ್ಟಿಗೆ ಸಹಿ ಬೀಳುವ ಸಂಭವವಿದೆ. ನೋಡದೆ ಹಾಕಿದ ಆ ಒಂದು ಸಹಿ, ಮುಂದೆಂದೋ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಜೀವಕ್ಕೆ ಎರವಾಗಬಹುದು. ಮೂರು ವರ್ಷದ ಹಳೆಯ ಲೆಕ್ಕದಲ್ಲಿ ಸುಳ್ಳಿಗೆ ಎಡೆಯಿರಲಿಲ್ಲ, ಕಾಲ ತಾನಾಗಿ ಸರಿಯುತ್ತಿತ್ತು. ಹೊಸ ಲೆಕ್ಕ ನಿಂತಿರುವುದು ಪೂರ್ತಿಯಾಗಿ ಗುರುವಿನ ಪ್ರಾಮಾಣಿಕತೆಯ ಮೇಲೆ.

ಬಸವಯುಗದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ಒಬ್ಬರಿದ್ದರು. ವೈದ್ಯವೃತ್ತಿಯೇ ಅವರ ಕಾಯಕ. ರೋಗ, ಔಷಧಿಗಳ ಪರಿಭಾಷೆಯಲ್ಲೇ ಅವರು ವಚನಗಳನ್ನು ರಚಿಸಿದರು. ಶರಣರು ಕಾಯಕಕ್ಕೆ ಶುದ್ಧಿಯ ಕಟ್ಟನ್ನು ಹಾಕಿದರು. ಕಾಯಕದಲ್ಲಿ ಮೋಸ ಹೊಕ್ಕರೆ ಅದು ಕಾಯಕವೇ ಅಲ್ಲ. ಬೆಳಗಾವಿಯಲ್ಲಿ 1963ರಲ್ಲಿ, ದಾವಣಗೆರೆಯಲ್ಲಿ 1965ರಲ್ಲಿ, ಮೈಸೂರಿನಲ್ಲಿ 1984ರಲ್ಲಿ, ವಿಜಯಪುರದಲ್ಲಿ 1986ರಲ್ಲಿ ನಮ್ಮ ಸಮಾಜದ ಹಿರಿಯರ, ಮಠಮಾನ್ಯಗಳ ಶ್ರಮದಿಂದ ವೈದ್ಯಕೀಯ ಕಾಲೇಜುಗಳು ತಲೆಯೆತ್ತಿದವು. ದಾಸೋಹದ ಭಾವದಿಂದ ಕಟ್ಟಿದ ಇಂಥ ಸಂಸ್ಥೆಗಳು ಕಟ್ಟಡ, ಯಂತ್ರಗಳಿಗೆ ವ್ಯಯಿಸುವಂತೆಯೇ ಕಲಿಸುವವರ ಸಮಯಕ್ಕೂ ವ್ಯಯಿಸಬೇಕು. ನೋಡದ ಕೆಲಸಕ್ಕೆ ಸಹಿ ಹಾಕೆನೆಂಬ ಗುರುವನ್ನು ಗೌರವಿಸಬೇಕು.

ಕುಟುಂಬದವರ ಪಾಲು

ಈ ಶಿಕ್ಷಣದಲ್ಲಿ ನಮಗೂ ಪಾಲಿದೆ. “ಕಲಿಯುವ ಡಾಕ್ಟರು ನಮ್ಮವರ ಮೈ ಮುಟ್ಟಕೂಡದು” ಎಂದು ಹಠ ಹಿಡಿಯುವವರನ್ನು ನೋಡುತ್ತೇವೆ. ಭಯ ಸಹಜವಾದುದೇ. ಆದರೆ ಎಲ್ಲ ಮನೆಯವರೂ ಹೀಗೆಂದರೆ ಹತ್ತು ವರ್ಷಗಳ ಬಳಿಕ ನಮ್ಮ ಮೊಮ್ಮಕ್ಕಳಿಗೆ ಅರಿವಳಿಕೆ ಕೊಡುವವರು ಎಲ್ಲಿ ಕಲಿತು ಬರಬೇಕು? ಆದ್ದರಿಂದ ಬೇಡವೆನ್ನುವುದಕ್ಕಿಂತ ಸರಿಯಾದ ಪ್ರಶ್ನೆಯನ್ನು ಕೇಳುವುದು ಮೇಲು. “ಅರಿವಳಿಕೆ ಕೊಡುವವರು ಯಾರು? ಅವರು ಕಲಿಯುತ್ತಿದ್ದರೆ, ಹಿರಿಯರು ಉದ್ದಕ್ಕೂ ಪಕ್ಕದಲ್ಲಿರುವರೇ?” ಎಂದು ವಿನಯದಿಂದ ಕೇಳಿರಿ. ಕೇಳುವುದು ರೋಗಿಯ ಹಕ್ಕು. ಹಿರಿಯರ ಕಣ್ಣಿನಡಿಯಲ್ಲಿ ಕೆಲಸ ಮಾಡುವ ಕಿರಿಯ ಕೈಗೆ ಹೆದರಬೇಕಾಗಿಲ್ಲ. ಅಲ್ಲಿ ಒಬ್ಬರ ಬದಲು ಇಬ್ಬರು ಕಾಯುತ್ತಿರುತ್ತಾರೆ.

ಹಾಗೆಯೇ ನಾವೂ ಸತ್ಯವನ್ನು ಹೇಳಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯವಾಗಿ ಗಟ್ಟಿ ಆಹಾರವನ್ನು ಆರು ಗಂಟೆ, ನೀರನ್ನು ಎರಡು ಗಂಟೆ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಮಗು ಹಸಿದೀತೆಂಬ ಮರುಕದಿಂದ ಅಜ್ಜಿ ಮರೆಯಲ್ಲಿ ಕೊಟ್ಟ ಎರಡು ಬಿಸ್ಕತ್ತು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಸಂಚಕಾರ ತರಬಹುದು. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು, ತಂಬಾಕು, ದಿನನಿತ್ಯದ ಮಾತ್ರೆಗಳು, ಹಿಂದೆ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಆ ಸಂಗತಿ, ಯಾವುದನ್ನೂ ಮುಚ್ಚಿಡಬಾರದು. ಎಂಥ ಸಮರ್ಥ ವೈದ್ಯರಿಗೂ ಮುಚ್ಚಿಟ್ಟ ಮಾತು ಕಾಣಿಸದು.

ವೈದ್ಯಕೀಯ ಓದುತ್ತಿರುವ ಮಗಳು ಅರಿವಳಿಕೆ ವಿಭಾಗವನ್ನು ಆರಿಸಿಕೊಳ್ಳುತ್ತೇನೆಂದಾಗ “ಹೆಸರು ಬರುವ ವಿಭಾಗ ನೋಡು” ಎಂದು ಮುಖ ಸಿಂಡರಿಸುವ ತಂದೆತಾಯಿಗಳೂ ಇದ್ದಾರೆ. ಆ ಮಗುವಿನ ಉತ್ಸಾಹವನ್ನು ಕುಗ್ಗಿಸಬೇಡಿರಿ. ಹೆಸರಿನ ಹಂಬಲವಿಲ್ಲದೆ ಇನ್ನೊಬ್ಬರ ಉಸಿರನ್ನು ಕಾಯುವ ಕಾಯಕಕ್ಕಿಂತ ದೊಡ್ಡದೇನಿದೆ? ಅವಳನ್ನು ಎಷ್ಟು ವರ್ಷದ ಓದೆಂದು ಕೇಳುವುದರ ಜೊತೆಗೆ, ಇಂದು ಏನನ್ನು ಸ್ವತಃ ಮಾಡಲು ಕಲಿತೆ, ಯಾವುದಕ್ಕೆ ಇನ್ನೂ ಗುರುಗಳನ್ನು ಕರೆಯಬೇಕು ಎಂದೂ ಕೇಳಿರಿ. ಎರಡನೆಯ ಪ್ರಶ್ನೆಗೆ ಅಳುಕಿಲ್ಲದೆ ಉತ್ತರ ಕೊಡಬಲ್ಲವಳಾದರೆ ಅವಳ ಕಲಿಕೆ ಸರಿಯಾದ ಹಾದಿಯಲ್ಲಿದೆಯೆಂದು ತಿಳಿಯಬಹುದು.